ಬಾಸ್ಟನ್ನಿಗೆ ಹೊರಟ ಮಲೆನಾಡಿನವರಿಗೆ: ಸೆಲ್ಟಿಕ್ಸ್ ಫೈನಲ್ಸ್‌ಗೆ ಕಾಯುವ ದಿನಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಓದಿಗೋ ಕೆಲಸಕ್ಕೋ ಬಾಸ್ಟನ್ನಿಗೆ ಹೊರಡುವವರಿಗೆ ಬಾಡಿಗೆ ಮನೆ, ಬ್ಯಾಂಕ್ ಖಾತೆ, ಚಳಿಗಾಲದ ಕೋಟು, ಡ್ರೈವಿಂಗ್ ಲೈಸೆನ್ಸ್ ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಆ ಊರಿನಲ್ಲಿ ಬಹುಕಾಲದಿಂದ ನೆಲೆಸಿರುವವಳು. ಮಳೆಗಾಲದಲ್ಲಿ ತೀರ್ಥಹಳ್ಳಿಯ ಮನೆಗೆ ಬಂದಾಗಲೆಲ್ಲ, ಹೊರಡಲು ಸಿದ್ಧರಾದ ಹುಡುಗ ಹುಡುಗಿಯರು ತಂದೆತಾಯಿಯರನ್ನು ಕರೆದುಕೊಂಡು ಬಂದು ಜಗುಲಿಯಲ್ಲಿ ಕುಳಿತು ಇಂಥವನ್ನೆಲ್ಲ ವಿಚಾರಿಸುತ್ತಾರೆ. ಅವರು ಕೇಳದಿದ್ದರೂ ನಾನು ತಪ್ಪದೆ ಹೇಳುವ ವಿಷಯವೊಂದಿದೆ, ಅದು ಬಾಸ್ಕೆಟ್‌ಬಾಲ್. ಬಾಸ್ಟನ್ ಸೆಲ್ಟಿಕ್ಸ್ ತಂಡ ಚಾಂಪಿಯನ್‌ಶಿಪ್‌ನ ಹತ್ತಿರ ಬಂತೆಂದರೆ ಕಚೇರಿಯ ಲಿಫ್ಟ್‌ನಲ್ಲಿ, ರೈಲಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಬಳಿ ಅದೊಂದೇ ಮಾತು. ಆ ಕಾಯುವಿಕೆಯಲ್ಲಿ ಮೊದಲಿನಿಂದಲೂ ಜೊತೆಗಿದ್ದ ಹೊಸಬರಿಗೆ, ವರ್ಷವಿಡೀ ಹವಾಮಾನದ ಮಾತಾಡಿದರೂ ದೊರೆಯದಂಥ ಬಳಕೆ ಅಲ್ಲಿಯ ಜನರೊಂದಿಗೆ ಎರಡು ತಿಂಗಳಲ್ಲಿ ದೊರೆಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ತಿಂಗಳು ಎಂದು ಹೇಳಲು ಕಾರಣವಿದೆ. ಸೆಲ್ಟಿಕ್ಸ್ ಆಡುವ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯಲ್ಲಿ 30 ತಂಡಗಳಿದ್ದು, ಪೂರ್ವ ಮತ್ತು ಪಶ್ಚಿಮ ಎಂಬ ಎರಡು ವಿಭಾಗಗಳಲ್ಲಿ ತಲಾ 15 ತಂಡಗಳಿವೆ. ಅಕ್ಟೋಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಪ್ರತಿ ತಂಡವೂ 82 ಪಂದ್ಯಗಳನ್ನು ಆಡುತ್ತದೆ. ಆಮೇಲೆ ಒಂದೊಂದು ವಿಭಾಗದ ಮೊದಲ ಆರು ತಂಡಗಳು ನೇರವಾಗಿ ಪ್ಲೇಆಫ್‌ಗೆ, ಅಂದರೆ ಸೋತವರು ಹೊರಬೀಳುವ ಹಂತಕ್ಕೆ, ಹೋಗುತ್ತವೆ, ಏಳರಿಂದ ಹತ್ತನೆಯ ಸ್ಥಾನದಲ್ಲಿರುವವು ಉಳಿದ ಎರಡು ಜಾಗಗಳಿಗಾಗಿ ಸೆಣಸುತ್ತವೆ. ಅಲ್ಲಿಂದ ಮುಂದೆ ನಾಲ್ಕು ಸುತ್ತುಗಳು, ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ. ಪ್ರಶಸ್ತಿ ಗೆಲ್ಲಬೇಕಾದರೆ ಸುತ್ತಿಗೆ ನಾಲ್ಕರಂತೆ ಒಟ್ಟು 16 ಪಂದ್ಯಗಳನ್ನು ಗೆಲ್ಲಬೇಕು. ಮೊದಲ ಮೂರು ಸುತ್ತು ಮುಗಿದು ಕೊನೆಯ ಸುತ್ತಾದ ಫೈನಲ್ಸ್ ಶುರುವಾಗುವುದು ಜೂನ್ ಮೊದಲ ವಾರದಲ್ಲಿ, ನಮ್ಮಲ್ಲಿ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ. ಆದ್ದರಿಂದ ಜೂನ್ ಬಂದ ಮೇಲೆ ಟಿವಿ ಹಾಕಿದರಾಯಿತು ಎಂದುಕೊಳ್ಳಬೇಡಿ, ಏಪ್ರಿಲ್‌ನಿಂದಲೇ ನೋಡಲು ತೊಡಗಿ.

ಊರಿನಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನೋಡಿ ಬೆಳೆದವರಿಗೆ ಸರಣಿಯ ಲೆಕ್ಕ ಹೊಸದೇನಲ್ಲ. ಒಂದು ಸೆಟ್ಟನ್ನು 25-8ರಲ್ಲಿ ಗೆದ್ದರೂ 25-23ರಲ್ಲಿ ಗೆದ್ದರೂ ಅದು ಒಂದೇ ಸೆಟ್ಟಾಗುವಂತೆ, ಇಲ್ಲಿಯೂ ನಲವತ್ತು ಪಾಯಿಂಟ್‌ಗಳಿಂದ ಗೆದ್ದ ಪಂದ್ಯಕ್ಕೂ ಒಂದೇ ಪಾಯಿಂಟ್‌ನಿಂದ ಗೆದ್ದ ಪಂದ್ಯಕ್ಕೂ ಬೆಲೆ ಒಂದೇ, ಮೊದಲು ನಾಲ್ಕು ಗೆದ್ದವರಿಗೆ ಸರಣಿ. ಊರಿನ ಆ ಪಂದ್ಯಾವಳಿಗಳಲ್ಲಿ ಇಲ್ಲದ ಒಂದು ಅಂಶ ತವರು ಅಂಕಣದ ಅನುಕೂಲ. ಲೀಗ್ ಹಂತದಲ್ಲಿ ಹೆಚ್ಚು ಗೆದ್ದ ತಂಡ ಫೈನಲ್ಸ್‌ನ ಮೊದಲ ಎರಡು ಪಂದ್ಯಗಳನ್ನು ತನ್ನ ಊರಿನಲ್ಲಿ ಆಡುತ್ತದೆ, ಮುಂದಿನ ಎರಡು ಎದುರಾಳಿಯ ಊರಿನಲ್ಲಿ, ಬೇಕಾಗಿ ಬಂದರೆ ಉಳಿದ ಮೂರು ಒಂದೊಂದಾಗಿ ಅಲ್ಲಿ ಇಲ್ಲಿ, ಏಳನೆಯದು ಮತ್ತೆ ಮೊದಲ ತಂಡದ ಊರಿನಲ್ಲಿ. 1985ರಿಂದ 2013ರವರೆಗೆ ನಡುವಿನ ಮೂರು ಪಂದ್ಯಗಳು ಒಟ್ಟಿಗೆ ಎದುರಾಳಿಯ ಊರಿನಲ್ಲೇ ನಡೆಯುತ್ತಿದ್ದವು, 2014ರಿಂದ ಈಗಿನ ಕ್ರಮ. ಬಾಸ್ಟನ್ನಿನವರು ಮಾರ್ಚ್ ತಿಂಗಳಿನಲ್ಲೇ ಅಂಕಪಟ್ಟಿಯನ್ನು ಹಿಡಿದು ಕೂರುವುದು ಈ ಏಳನೆಯ ಪಂದ್ಯದ ಸಲುವಾಗಿ.

ಇನ್ನು ಆ ಜನರ ಮನಸ್ಸು. ಹೊರಗಿನಿಂದ ಬಂದವರಿಗೆ ಮೊದಲು ಗೊಂದಲವಾಗುವುದು ಇಲ್ಲಿ, ಏಕೆಂದರೆ ಇಷ್ಟು ಪ್ರಶಸ್ತಿ ಗೆದ್ದ ಊರಿನವರು ಇಷ್ಟೇಕೆ ಅಂಜುತ್ತಾರೆ ಎಂದು ಯಾರಿಗಾದರೂ ಅನಿಸುತ್ತದೆ. 2022ರ ಫೈನಲ್ಸ್‌ನಲ್ಲಿ ಸೆಲ್ಟಿಕ್ಸ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ 2-1ರಿಂದ ಮುಂದಿದ್ದು, ನಂತರ ಮೂರೂ ಪಂದ್ಯಗಳನ್ನು ಸೋತಿತು. ಎದುರಾಳಿಗಳು ಟ್ರೋಫಿ ಎತ್ತಿದ್ದು ಬಾಸ್ಟನ್ನಿನ ಅಂಕಣದಲ್ಲೇ. ಮರುವರ್ಷ ಪೂರ್ವ ವಿಭಾಗದ ಅಂತಿಮ ಸರಣಿಯಲ್ಲಿ ಮಯಾಮಿ ವಿರುದ್ಧ 0-3ರಿಂದ ಹಿಂದುಳಿದ ತಂಡ ಮೂರು ಪಂದ್ಯ ಗೆದ್ದು ಸಮ ಮಾಡಿಕೊಂಡಿತು. ಆರನೆಯ ಪಂದ್ಯದಲ್ಲಿ ಸಮಯ ಮುಗಿಯಲು ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿದಿರುವಾಗ ಸೆಲ್ಟಿಕ್ಸ್‌ನ ಡೆರಿಕ್ ವೈಟ್ ಪುಟಿದು ಬಂದ ಚೆಂಡನ್ನು ಬುಟ್ಟಿಗೆ ತಳ್ಳಿ ಪಂದ್ಯ ಉಳಿಸಿದ. 0-3ರಿಂದ ಎದ್ದು ಪ್ಲೇಆಫ್ ಸರಣಿ ಗೆದ್ದ ತಂಡ ಎನ್‌ಬಿಎ ಇತಿಹಾಸದಲ್ಲಿ 2025ರವರೆಗೂ ಇರಲಿಲ್ಲ. ಅದು ತಮ್ಮ ಊರಿನಲ್ಲೇ ಆಗುತ್ತದೆಂದು ಕಾದ ಜನ ಏಳನೆಯ ಪಂದ್ಯದ ಸೋಲನ್ನು ಮನೆಯಂಗಳದಲ್ಲಿ ನೋಡಬೇಕಾಯಿತು. 2024ರ ಫೈನಲ್ಸ್‌ನಲ್ಲಿ ಡಾಲಸ್ ವಿರುದ್ಧ ಸರಣಿ 3-0 ಆದಾಗಲೂ ನನ್ನ ನೆರೆಯವರು ಸಂಭ್ರಮಿಸದೆ ಸುಮ್ಮನಿದ್ದುದು ಇದೇ ನೆನಪಿನಿಂದ. ಆದ್ದರಿಂದ ಎರಡು ಪಂದ್ಯ ಗೆದ್ದ ಕೂಡಲೇ “ಕಪ್ ನಮ್ಮದೇ” ಎಂದು ಘೋಷಿಸಬೇಡಿ. ಅವರಿಗೆ ಅದು ಅಪಶಕುನ. ಗಾಯಾಳುಗಳ ಪಟ್ಟಿಯಲ್ಲಿ ಯಾರ ಹೆಸರಿದೆ, ಎದುರಾಳಿಯ ಮುಖ್ಯ ಆಟಗಾರನನ್ನು ನಮ್ಮವರಲ್ಲಿ ಯಾರು ತಡೆಯುತ್ತಾರೆ ಎಂದು ಕೇಳಿದರೆ ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತಾರೆ.

ಮಾತು ಮುಂದುವರಿಯಬೇಕಾದರೆ ಸ್ವಲ್ಪ ಹಳೆಯ ಕತೆಯೂ ಗೊತ್ತಿರಲಿ. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಕೆನಡಾ ಮೂಲದ ಶಿಕ್ಷಕ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವುದಕ್ಕೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಈ ಆಟವನ್ನು ರೂಪಿಸಿದ. ಸೆಲ್ಟಿಕ್ಸ್ ತಂಡ 1946ರಿಂದ ಇದೆ, 2024ರ ಗೆಲುವು ಅದರ ಹದಿನೆಂಟನೆಯ ಪ್ರಶಸ್ತಿ. ಇವುಗಳಲ್ಲಿ ಹನ್ನೊಂದು 1957ರಿಂದ 1969ರ ನಡುವೆ ಬಂದವು, ಅದರಲ್ಲೂ ಎಂಟು ಸತತವಾಗಿ. ಆ ಹನ್ನೊಂದರಲ್ಲೂ ಆಡಿದವರು ಬಿಲ್ ರಸೆಲ್. 1966ರಲ್ಲಿ ಅವರು ತಂಡದ ಕೋಚ್ ಕೂಡ ಆದರು, ಎನ್‌ಬಿಎಯಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯರು ಅವರೇ. ಊರಿಗೆ ಅಷ್ಟು ಕೀರ್ತಿ ತಂದುಕೊಟ್ಟ ಅದೇ ವ್ಯಕ್ತಿಯ ಮನೆಗೆ, ಬಾಸ್ಟನ್ನಿನ ಹೊರವಲಯದ ರೆಡಿಂಗ್‌ನಲ್ಲಿ, ಕಿಡಿಗೇಡಿಗಳು ನುಗ್ಗಿ ಗೋಡೆಗಳ ಮೇಲೆ ಜನಾಂಗೀಯ ನಿಂದನೆ ಬರೆದು ಹೋಗಿದ್ದರು. ಈಗ ನಗರಸಭೆಯ ಮುಂದಿನ ಬಯಲಿನಲ್ಲಿ ಅವರ ಪ್ರತಿಮೆ ನಿಂತಿದೆ. ಅವರು ತೀರಿಕೊಂಡ 2022ರಲ್ಲಿ ಅವರ 6ನೇ ಸಂಖ್ಯೆಯ ಅಂಗಿಯನ್ನು ಇಡೀ ಲೀಗಿನಲ್ಲಿ ಇನ್ನು ಯಾರಿಗೂ ಕೊಡಬಾರದೆಂದು ತೀರ್ಮಾನಿಸಲಾಯಿತು. ಬೇರೆ ಮೈಬಣ್ಣದವರಾಗಿ ಆ ಊರಿಗೆ ಹೋಗುವ ನಾವು ಈ ಎರಡು ಸಂಗತಿಗಳನ್ನೂ ತಿಳಿದಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಿಡುವಾದಾಗ ಆ ಪ್ರತಿಮೆಯ ಬಳಿ ಹೋಗಿ ಬನ್ನಿ.

ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಹೆಸರು ಬಂದಾಗ ಬಾಸ್ಟನ್ನಿನವರ ಧ್ವನಿ ಬದಲಾಗುವುದನ್ನು ನೀವೇ ಕೇಳುವಿರಿ. ಎರಡೂ ತಂಡಗಳು ಫೈನಲ್ಸ್‌ನಲ್ಲಿ ಹನ್ನೆರಡು ಬಾರಿ ಎದುರಾಗಿದ್ದು, ಒಂಬತ್ತು ಸಲ ಸೆಲ್ಟಿಕ್ಸ್ ಗೆದ್ದಿದೆ. 1982ರಲ್ಲಿ ಪೂರ್ವ ವಿಭಾಗದ ಅಂತಿಮ ಸರಣಿಯ ಏಳನೆಯ ಪಂದ್ಯವನ್ನು ಸೆಲ್ಟಿಕ್ಸ್ ತನ್ನ ಅಂಕಣದಲ್ಲೇ ಫಿಲಡೆಲ್ಫಿಯಾಕ್ಕೆ ಸೋಲುತ್ತಿದ್ದಾಗ, ತುಂಬಿದ ಗ್ಯಾಲರಿಯ ಜನ ಫೈನಲ್ಸ್‌ನಲ್ಲಿ ಲೇಕರ್ಸ್ ಎದುರು ಆಡಲಿದ್ದ ಆ ತಂಡಕ್ಕೇ “ಬೀಟ್ ಎಲ್‌ಎ” (ಲಾಸ್ ಏಂಜಲೀಸನ್ನು ಸೋಲಿಸಿ) ಎಂದು ಕೂಗಿ ಹುರಿದುಂಬಿಸಿ ಕಳಿಸಿದರು. ಆ ಕೂಗು ಇಂದಿಗೂ ಉಳಿದಿದೆ. ಲೇಕರ್ಸ್‌ನ ಹಳದಿ ನೇರಳೆ ಅಂಗಿ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಪ್ಲೇಆಫ್ ಮುಗಿಯುವವರೆಗೆ ಅಲ್ಲೇ ಇರಲಿ.

ಆಟದ ನಿಯಮಗಳು ನೋಡುತ್ತ ನೋಡುತ್ತ ತಾವಾಗಿಯೇ ತಿಳಿಯುತ್ತವೆ. ಹನ್ನೆರಡು ನಿಮಿಷಗಳ ನಾಲ್ಕು ಭಾಗಗಳು, 24 ಸೆಕೆಂಡುಗಳೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಬೇಕು, ಆರು ಫೌಲ್ ಆದ ಆಟಗಾರ ಹೊರಗೆ. ಲೆಕ್ಕದಲ್ಲಿ 48 ನಿಮಿಷವಾದರೂ ಪಂದ್ಯ ಮುಗಿಯಲು ಎರಡೂವರೆ ಗಂಟೆ ಹಿಡಿಯುತ್ತದೆ, ಕೊನೆಯ ಎರಡು ನಿಮಿಷಗಳೇ ಟೈಮ್‌ಔಟ್ ಮತ್ತು ಬೇಕೆಂದೇ ಮಾಡುವ ಫೌಲ್‌ಗಳಿಂದ ಕಾಲು ಗಂಟೆಯಾಗುವುದುಂಟು. ಫೈನಲ್ಸ್ ಪಂದ್ಯಗಳು ಸಾಮಾನ್ಯವಾಗಿ ರಾತ್ರಿ ಎಂಟೂವರೆಗೆ, ಭಾನುವಾರವಾದರೆ ಎಂಟಕ್ಕೆ ಆರಂಭವಾಗುತ್ತವೆ. ಅಲ್ಲಿಯ ಶಾಲೆಗಳಿಗೆ ಜೂನ್ ಮಧ್ಯದವರೆಗೂ ರಜೆ ಬಂದಿರುವುದಿಲ್ಲ, ಆದ್ದರಿಂದ ಚಿಕ್ಕ ಮಕ್ಕಳಿರುವವರು ಅರ್ಧ ಆಟ ನೋಡಿಸಿ ಮಲಗಿಸುವುದು ಒಳ್ಳೆಯದು.

ಆ ರಾತ್ರಿ ಎಂಟೂವರೆ ಎಂದರೆ ಇಲ್ಲಿ ತೀರ್ಥಹಳ್ಳಿಯಲ್ಲಿ ಮರುದಿನ ಬೆಳಿಗ್ಗೆ ಆರು ಗಂಟೆ, ಮತ್ತು ಇದು ಊರಿನಲ್ಲಿ ಉಳಿದವರನ್ನೂ ಸೇರಿಸಿಕೊಳ್ಳಲು ಬಹಳ ಅನುಕೂಲದ ಹೊತ್ತು. 2024ರ ಜೂನ್ 18ರ ಬೆಳಿಗ್ಗೆ ನಮ್ಮ ಚಿಕ್ಕಪ್ಪ ಜಗುಲಿಯಲ್ಲಿ ಕವಳದ ತಟ್ಟೆಗೆ ಮೊಬೈಲ್ ಒರಗಿಸಿಕೊಂಡು ಐದನೆಯ ಪಂದ್ಯ ನೋಡುತ್ತಿದ್ದರು. ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಬಂದವರು ಮಳೆ ಹೊಳವಾಗದೆ, ಮೈಲುತುತ್ತದ ಬ್ಯಾರೆಲ್ಲಿಗೆ ತಗಡು ಮುಚ್ಚಿ, ಅವರ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ಕುಳಿತರು. ಅರ್ಧವಿರಾಮಕ್ಕೆ ಮುನ್ನ ಕೊನೆಯ ಕ್ಷಣದಲ್ಲಿ ಸೆಲ್ಟಿಕ್ಸ್‌ನ ಪೇಟನ್ ಪ್ರಿಚರ್ಡ್ ಅಂಕಣದ ನಡುಗೆರೆಯ ಬಳಿಯಿಂದ ಎಸೆದ ಚೆಂಡು ನೇರವಾಗಿ ಬುಟ್ಟಿಗೆ ಬಿದ್ದಾಗ ಜಗುಲಿಯಲ್ಲಿ ಎದ್ದ ಕೂಗಿಗೆ ಅಡುಗೆಮನೆಯಿಂದ ಚಿಕ್ಕಮ್ಮ ಓಡಿ ಬಂದರಂತೆ. “ತಂಗೀ, ಅಲ್ಲಿಂದ ಎಸೆದವ ಯಾರೇ?” ಎಂದು ಚಿಕ್ಕಪ್ಪ ನನಗೆ ಫೋನ್ ಮಾಡಿದಾಗ ನಾನು ಬಾಸ್ಟನ್ನಿನ ಮನೆಯಲ್ಲಿ ಇಪ್ಪತ್ತು ಜನರ ಗದ್ದಲದ ನಡುವೆ ಇದ್ದೆ. ಸೆಲ್ಟಿಕ್ಸ್ 106-88ರಲ್ಲಿ ಗೆದ್ದು ಪ್ರಶಸ್ತಿ ಪಡೆದದ್ದು ಆ ಪಂದ್ಯದಲ್ಲೇ. ನೀವು ಹೊರಡುವ ಮೊದಲು ಮನೆಯವರಿಗೆ ಪಂದ್ಯ ನೋಡುವ ಬಗೆಯನ್ನು ಕಲಿಸಿಕೊಟ್ಟು ಹೋಗಿ. ಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗಿ ಅವರು ತಡವಾಗಿ ನೋಡುವ ಸಂದರ್ಭ ಬರುವುದರಿಂದ, ಕೇಳುವ ಮೊದಲೇ ಫಲಿತಾಂಶ ಹೇಳಿಬಿಡಬೇಡಿ.

ಪಂದ್ಯ ನೋಡುವುದೆಲ್ಲಿ? ಫೈನಲ್ಸ್ ಟಿಕೆಟ್ ಬೆಲೆ ಹೊಸಬರ ಕೈಗೆಟಕುವಂಥದ್ದಲ್ಲ, ಅಗ್ಗಕ್ಕೆ ಕೊಡುತ್ತೇನೆಂದು ಬರುವ ಅಪರಿಚಿತರ ಸಂದೇಶಗಳನ್ನು ನಂಬಬೇಡಿ. ಕ್ರೀಡಾಂಗಣದ ಸುತ್ತಲ ಉತ್ಸಾಹ ನೋಡಬೇಕೆಂದರೆ ಸೆಲ್ಟಿಕ್ಸ್‌ನ ತವರು ಕ್ರೀಡಾಂಗಣ ಟಿಡಿ ಗಾರ್ಡನ್ ನಾರ್ತ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಮೇಲೆಯೇ ಇದೆ. ಆಕ್ಟನ್, ವಾಲ್ಥಮ್, ಲೋವೆಲ್ ಕಡೆಯವರಿಗೆ ನೇರ ರೈಲು, ಫ್ರೇಮಿಂಗ್‌ಹ್ಯಾಮ್, ವೆಸ್ಟ್‌ಬರೋ ಕಡೆಯವರು ಬ್ಯಾಕ್ ಬೇ ನಿಲ್ದಾಣದಲ್ಲಿ ಇಳಿದು ಆರೆಂಜ್ ಲೈನ್ ಮೆಟ್ರೊ ಹಿಡಿಯಬೇಕು. ಹಿಂದಿರುಗುವ ಕೊನೆಯ ರೈಲಿನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ. ಆದರೆ ನನ್ನ ಸಲಹೆ ಮನೆಯಲ್ಲೇ ನೋಡುವುದು, ಅದರಲ್ಲೂ ಎರಡು ಕನ್ನಡ ಕುಟುಂಬದೊಂದಿಗೆ ಒಂದು ಅಲ್ಲಿಯ ಕುಟುಂಬವನ್ನು ಕರೆದು. ಊಟ ಏಳೂವರೆಗೇ ಮುಗಿಯಲಿ, ಆಟದ ನಡುವೆ ಕೈಗೆ ಖಾರ ಮಂಡಕ್ಕಿ, ಹಲಸಿನ ಹಪ್ಪಳ ಸಾಕು. ಕಳೆದ ಪಂದ್ಯ ಗೆದ್ದಾಗ ಕುಳಿತ ಜಾಗದಲ್ಲೇ ಕೂರಬೇಕೆಂದು ನೆರೆಯವರು ಹಟ ಹಿಡಿದರೆ ಆ ಜಾಗ ಬಿಟ್ಟುಕೊಡಿ.

ಎರಡು ಎಚ್ಚರಿಕೆಗಳನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಮ್ಯಾಸಚೂಸೆಟ್ಸ್‌ನಲ್ಲಿ 2023ರಿಂದ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧವಾಗಿ ನಡೆಯುತ್ತಿದ್ದು, ಫೈನಲ್ಸ್ ಸಮಯದಲ್ಲಿ ಅದರ ಜಾಹೀರಾತು ನಿಮ್ಮನ್ನು ಹಿಂಬಾಲಿಸುತ್ತದೆ. ಅಡಿಕೆ ಮಾರಿ, ಸಾಲ ಮಾಡಿ ಕಳಿಸಿದ ಓದಿನ ಹಣವನ್ನು ದಯವಿಟ್ಟು ಅಲ್ಲಿ ಇಡಬೇಡಿ. ಇನ್ನೊಂದು, ಗೆದ್ದ ರಾತ್ರಿ ಬೀದಿಯಲ್ಲಿ ಸೇರುವ ಗುಂಪಿನದು. ಕಂಬ ಹತ್ತುವವರು, ಬೀದಿಯಲ್ಲಿ ಕುಡಿಯುವವರು ಇದ್ದೇ ಇರುತ್ತಾರೆ. ವೀಸಾದ ಮೇಲೆ ಇರುವವರಿಗೆ ಒಂದು ಸಣ್ಣ ಬಂಧನವೂ ದೊಡ್ಡ ತೊಂದರೆಯಾಗಬಲ್ಲದು, ಆದ್ದರಿಂದ ಆ ರಾತ್ರಿ ಮನೆಯಲ್ಲಿರಿ. ಸಂಭ್ರಮಕ್ಕೆ ಮೆರವಣಿಗೆ ಇದೆ. ನೆಲದ ಮೇಲೂ ನೀರಿನಲ್ಲೂ ಚಲಿಸುವ ಡಕ್ ಬೋಟ್‌ಗಳ ಮೇಲೆ ಆಟಗಾರರು ಊರ ಬೀದಿಗಳಲ್ಲಿ ಬರುತ್ತಾರೆ, 2024ರಲ್ಲಿ ಅದು ಗೆದ್ದ ನಾಲ್ಕನೆಯ ದಿನ, ಜೂನ್ 21ರಂದು ನಡೆಯಿತು. ಬೆಳಗಿನ ಮೊದಲ ರೈಲಿಗೇ ಹೋಗಿ, ನೀರು, ಟೋಪಿ ಒಯ್ಯಿರಿ, ಚಿಕ್ಕ ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ.

ಸೋತರೆ ಮರುದಿನ ಕಚೇರಿಯಲ್ಲಿ ಸಮಾಧಾನ ಹೇಳಲು ಹೋಗಬೇಡಿ, ಅವರು ತಾವಾಗಿಯೇ ಮಾತು ತೆಗೆಯುವವರೆಗೆ ಕಾಯಿರಿ. ಜೂನ್ ಕೊನೆಯಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ, ಅದರ ಬೆನ್ನಿಗೇ ತಂಡಗಳ ನಡುವೆ ಆಟಗಾರರ ವಿನಿಮಯ ಆರಂಭವಾಗುತ್ತದೆ, ಆಗ ಮಾತು ತಾನಾಗಿಯೇ ಮುಂದಿನ ವರ್ಷಕ್ಕೆ ತಿರುಗುತ್ತದೆ. ಸಂಬಳದ ಮಿತಿಯ ನಿಯಮಗಳಿಂದಾಗಿ ಗೆದ್ದ ತಂಡವೂ ಇದ್ದಂತೆ ಉಳಿಯುವುದಿಲ್ಲ. 2024ರ ವಿಜೇತ ತಂಡದಲ್ಲಿದ್ದ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್, ಆಲ್ ಹಾರ್ಫರ್ಡ್ ಮೂವರೂ 2025ರಲ್ಲಿ ಬೇರೆ ತಂಡಗಳಿಗೆ ಹೋದರು. ಆದ್ದರಿಂದ ಊರಿನ ತಮ್ಮ ತಂಗಿಯರಿಗೆ ಆಟಗಾರನ ಹೆಸರಿರುವ ಹಸಿರು ಜೆರ್ಸಿ ಕೊಳ್ಳುವುದಿದ್ದರೆ ಜುಲೈ ಕಳೆದ ಮೇಲೆ ಕೊಂಡು, ದೀಪಾವಳಿಗೆ ಊರಿಗೆ ಬರುವವರ ಕೈಯಲ್ಲಿ ಕಳಿಸಿ.