ಗೂಢ ಸುಳಿವು: ಬಿಡಿಸುವ ಬಗೆ, ವಿವರಿಸುವ ಬಗೆ

ಮಾಮೂಲಿ ಪದಬಂಧದಲ್ಲಿ ‘ತೆರಿಗೆ (2)’ ಎಂದಿದ್ದರೆ ‘ಕರ’ವೂ ಸರಿ, ‘ಸುಂಕ’ವೂ ಸರಿ; ಆವರಣದ ಸಂಖ್ಯೆ ಹೇಳುವುದು ಉತ್ತರಕ್ಕೆ ಎಷ್ಟು ಅಕ್ಷರ ಎಂದಷ್ಟೇ. ಅಡ್ಡ ಹಾಯುವ ಪದ ಸಿಗುವವರೆಗೆ ಯಾವುದೆಂದು ಗೊತ್ತಾಗುವುದಿಲ್ಲ. ಗೂಢ ಸುಳಿವು, ಅಂದರೆ ಕ್ರಿಪ್ಟಿಕ್ ಸುಳಿವು, ಇದನ್ನೇ ‘ಕೈ ತೆರಿಗೆ (2)’ ಎನ್ನುತ್ತದೆ. ಕೈ ಅಂದರೂ ಕರ, ತೆರಿಗೆ ಅಂದರೂ ಕರ. ಸುಂಕಕ್ಕೆ ಇಲ್ಲಿ ಜಾಗವಿಲ್ಲ. ಕಷ್ಟದ್ದೆಂದು ಹೆಸರಾಗಿದ್ದರೂ ಹೆಚ್ಚು ಪ್ರಾಮಾಣಿಕ ಸುಳಿವು ಇದೇ. ಉತ್ತರವನ್ನು ಎರಡು ದಾರಿಯಲ್ಲಿ ಹೇಳುತ್ತದೆ, ಎರಡೂ ಒಂದೇ ಕಡೆ ಸೇರದಿದ್ದರೆ ನಿಮ್ಮ ಉತ್ತರ ತಪ್ಪು. ಹೀಗಾಗಿ ಪ್ರತಿ ಪದಕ್ಕೂ ಲೆಕ್ಕ ಕೊಟ್ಟು ವಿವರಿಸಲು ಬರುವತನಕ ಸುಳಿವು ಬಿಡಿಸಿದಂತೆ ಆಗಲಿಲ್ಲ.

ಈ ಆಟ ಬೆಳೆದದ್ದು ಇಂಗ್ಲೆಂಡಿನಲ್ಲಿ. ‘ಅಬ್ಸರ್ವರ್’ ಪತ್ರಿಕೆಗೆ 1926ರಿಂದ ಪದಬಂಧ ಮಾಡಿದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ‘ಟಾರ್ಕ್ವೆಮಾಡ’ ಎಂಬ ಹೆಸರಿಟ್ಟುಕೊಂಡಿದ್ದರು. ಅವರ ನಂತರ ಬಂದ ‘ಕ್ಸಿಮೆನೀಸ್’ ಆಟಕ್ಕೆ ಕಟ್ಟುನಿಟ್ಟಿನ ನಿಯಮ ತಂದರು. ಆ ನಿಯಮಗಳ ಸಾರವನ್ನು ಅವರ ಉತ್ತರಾಧಿಕಾರಿ ‘ಅಝೆಡ್’ ಮೂರು ಮಾತಿನಲ್ಲಿ ಹೇಳಿದ್ದಾರೆ: ನಿಖರವಾದ ಅರ್ಥ, ನ್ಯಾಯವಾದ ಪದದಾಟ, ಇವೆರಡು ಬಿಟ್ಟು ಬೇರೇನೂ ಇಲ್ಲ. ನಮ್ಮಲ್ಲಿ ‘ದಿ ಹಿಂದೂ’ ಪತ್ರಿಕೆಯ ದಿನದ ಕ್ರಿಪ್ಟಿಕ್‌ಗೆ ಕೂರುವವರಿಗೂ ಈ ಮೂರನೆಯ ಮಾತೇ ದೊಡ್ಡ ಆಸರೆ. ಸುಳಿವಿನಲ್ಲಿ ಒಂದು ಪದ ಹೆಚ್ಚಿಗೆ ಉಳಿದರೆ ಎಲ್ಲೋ ಎಡವಿದ್ದೀರಿ ಎಂದರ್ಥ.

ಮೊದಲ ಹೆಜ್ಜೆ, ವಾಕ್ಯ ಹೇಳುವ ಕಥೆಯನ್ನು ಮರೆಯುವುದು. ‘ಮನುಷ್ಯನೊಳಗೆ ಗಾಂಧಾರ ಹೊಕ್ಕರೆ ಪಟ್ಟಣ (3)’ ಎಂದು ಓದಿದ ಕೂಡಲೇ ಮನಸ್ಸು ಮಹಾಭಾರತದ ಕಡೆ ಓಡುತ್ತದೆ. ಬರೆದವರಿಗೆ ಬೇಕಾದದ್ದೂ ಅದೇ. ವಾಕ್ಯವನ್ನು ತುಂಡು ಮಾಡಿ ಎರಡು ತುದಿಗಳನ್ನು ನೋಡಿ. ಉತ್ತರದ ಅರ್ಥ ಯಾವಾಗಲೂ ಆರಂಭದಲ್ಲಿ ಇಲ್ಲವೇ ಕೊನೆಯಲ್ಲಿ ಇರುತ್ತದೆ, ನಡುವೆ ಇರುವುದಿಲ್ಲ. ಇಲ್ಲಿ ‘ಪಟ್ಟಣ’ ಅರ್ಥ ಎಂದುಕೊಳ್ಳೋಣ. ಉಳಿದದ್ದು ಆಟ, ಅಂದರೆ ಪದದಾಟ. ಅದರಲ್ಲಿ ಏನು ಮಾಡಬೇಕೆಂದು ಹೇಳುವ ಸೂಚಕ ಒಂದು, ಯಾವುದರ ಮೇಲೆ ಮಾಡಬೇಕೆಂಬ ಸರಕು ಒಂದು. ‘ಒಳಗೆ ಹೊಕ್ಕರೆ’ ಸೂಚಕ. ಮನುಷ್ಯ ಅಂದರೆ ನರ. ಗಾಂಧಾರ ಅಂದರೆ ಸರಿಗಮದ ‘ಗ’. ನರನ ಹೊಟ್ಟೆಗೆ ಗ ಇಟ್ಟರೆ ನಗರ. ಮೂರು ಅಕ್ಷರ, ಅರ್ಥ ಪಟ್ಟಣ, ಒಂದು ಪದವೂ ಉಳಿಯಲಿಲ್ಲ.

ಸೂಚಕಗಳ ಪರಿಚಯವಾದರೆ ಅರ್ಧ ಕೆಲಸ ಮುಗಿದಂತೆ. ಕದಡಿದ, ಕಲಕಿದ, ದಿಕ್ಕೆಟ್ಟ, ಚೆಲ್ಲಾಪಿಲ್ಲಿ, ಹುಚ್ಚೆದ್ದ ಎಂಬಂಥ ಪದ ಕಂಡರೆ ಪಕ್ಕದ ಅಕ್ಷರಗಳನ್ನು ಅದಲುಬದಲು ಮಾಡಿ: ‘ಮರಣ ಕದಡಿದರೆ ಗಂಡ (3)’, ಉತ್ತರ ರಮಣ. ಹಿಂದಿರುಗಿದ, ಹಿಮ್ಮುಖ ಎಂದಿದ್ದರೆ ತಿರುವಿ ಓದಿ: ‘ನದಿ ಹಿಮ್ಮುಖ ಹರಿದರೆ ದಿವಸ (2)’, ಉತ್ತರ ದಿನ. ‘ಮೇಲೇರಿದ’ ಎಂಬ ಸೂಚಕ ಮೇಲಿನಿಂದ ಕೆಳಕ್ಕೆ ಬರುವ ಪದಗಳಿಗೆ ಮಾತ್ರ ಸಲ್ಲುತ್ತದೆ. ಎಡದಿಂದ ಬಲಕ್ಕೆ ಇರುವ ಸುಳಿವಿನಲ್ಲಿ ಅದು ಕಂಡರೆ ಬೇರೆ ಕೆಲಸಕ್ಕೆ ಬಂದಿದೆ ಎಂದು ತಿಳಿಯಿರಿ. ತಲೆ ಕಳೆದ, ಬಾಲ ಕತ್ತರಿಸಿದ ಅಂದರೆ ಮೊದಲ ಅಥವಾ ಕೊನೆಯ ಅಕ್ಷರ ತೆಗೆಯಬೇಕು: ‘ಕಾರಣ ತಲೆ ಕಳೆದುಕೊಂಡರೆ ಯುದ್ಧ (2)’, ಉತ್ತರ ರಣ.

‘ಒಳಗೆ’ ಎಂಬ ಸೂಚಕ ಹೊಸಬರನ್ನು ಬಹಳ ದಾರಿ ತಪ್ಪಿಸುತ್ತದೆ, ಏಕೆಂದರೆ ಅದಕ್ಕೆ ಎರಡು ಕೆಲಸ. ‘ಹೊಸ ರಸ್ತೆಯೊಳಗೆ ಕೊರಳ ಒಡವೆ (2)’ ಎಂಬಲ್ಲಿ ಒಂದನ್ನೊಂದರಲ್ಲಿ ತುರುಕುವ ಪ್ರಮೇಯವೇ ಇಲ್ಲ. ಹೊ-ಸ-ರ-ಸ್ತೆ ಎಂದು ಬಿಡಿಸಿ ಬರೆದರೆ ‘ಸರ’ ಎದುರಿಗೇ ಕೂತಿದೆ. ತುರುಕುವ ಆಟಕ್ಕೆ ಹೊರಗಿನದು, ಒಳಗಿನದು ಎಂದು ಎರಡು ವಸ್ತು ಬೇಕು. ಒಂದೇ ಕಂತೆ ಇದ್ದರೆ ಅವಿತ ಪದ ಹುಡುಕಿ. ಖಾಲಿ ಚೌಕಗಳ ಮುಂದೆ ಕೂತಾಗ ಮೊದಲು ಅವಿತ ಪದ ಮತ್ತು ಅದಲುಬದಲಿನ ಸುಳಿವುಗಳನ್ನು ಹಿಡಿಯಬೇಕು. ಅವುಗಳ ಉತ್ತರದ ಅಕ್ಷರಗಳೆಲ್ಲ ಕಣ್ಣ ಮುಂದೆಯೇ ಇರುತ್ತವೆ, ಸಮಾನಾರ್ಥಕ ಹುಡುಕುವ ಶ್ರಮವಿಲ್ಲ.

ಕನ್ನಡದಲ್ಲಿ ಲೆಕ್ಕ ತಪ್ಪುವ ಜಾಗಗಳು ಬೇರೆ. ಒಂದು ಚೌಕಕ್ಕೆ ಒಂದು ಅಕ್ಷರ, ಅದರ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ‘ಸ್ತೆ’ ಒಂದೇ ಚೌಕ, ‘ಬೆಂ’ ಒಂದೇ ಚೌಕ. ಆದರೆ ‘ಬಸ್’ ಎರಡು, ಕೊನೆಯ ‘ಸ್’ಗೆ ಅದರದೇ ಚೌಕ ಬೇಕು. ಅಕ್ಷರ ಜಾಗ ಬದಲಿಸಿದರೂ ಅದರ ಕೊಂಬು, ದೀರ್ಘ ಅದರ ಜೊತೆಗೇ ಹೋಗುತ್ತವೆ. ‘ದಿ’ಯ ಗುಡಿಸನ್ನು ಕಿತ್ತು ‘ನ’ಕ್ಕೆ ಕೊಡುವಂತಿಲ್ಲ, ಒತ್ತಕ್ಷರವನ್ನು ಒಡೆಯುವಂತಿಲ್ಲ. ಇನ್ನೊಂದು ತೊಡಕು ವಿಭಕ್ತಿಯದು. ಇಂಗ್ಲಿಷಿನಲ್ಲಿ ‘ಇನ್’ ಬೇರೆ ಪದವಾಗಿ ನಿಲ್ಲುತ್ತದೆ, ನಮ್ಮಲ್ಲಿ ‘ಅಲ್ಲಿ’ ನಾಮಪದಕ್ಕೆ ಅಂಟಿಕೊಂಡು ಬರುತ್ತದೆ. ಆದ್ದರಿಂದ ಸರಕು ಎಣಿಸುವ ಮೊದಲು ಪ್ರತ್ಯಯ ಕಳಚಿ: ‘ಸರದಲ್ಲಿ’ ಎಂದಿದ್ದರೆ ಸರಕು ‘ಸರ’, ‘ಅಲ್ಲಿ’ ಸೂಚಕ ಇಲ್ಲವೇ ಬರೀ ಕೊಂಡಿ. ಸಂಧಿಯಲ್ಲಿ ಬಂದ ‘ದ’ವನ್ನು ಸರಕಿಗೆ ಸೇರಿಸಿಕೊಂಡರೆ ಸಂಜೆಯವರೆಗೂ ಕೂತರೂ ಎಣಿಕೆ ಕೂಡುವುದಿಲ್ಲ.

ಉಚ್ಚಾರದ ಮೇಲೆ ನಿಂತ ಸುಳಿವು ಇಂಗ್ಲಿಷಿನಲ್ಲಿ ಧಾರಾಳ, ಬರೆದಂತೆಯೇ ಓದುವ ಕನ್ನಡದಲ್ಲಿ ವಿರಳ. ಆದರೆ ಇಂಗ್ಲಿಷಿನ ‘ಕಾಕ್ನಿ’ (ಪೂರ್ವ ಲಂಡನ್ನಿನ ಆಡುಮಾತು) ಎಂಬ ಸೂಚಕ ‘ಎಚ್’ ನುಂಗುವಂತೆ ಹಳೆ ಮೈಸೂರಿನ ಹಳ್ಳಿಮಾತು ಹಕಾರ ನುಂಗುತ್ತದೆ. ‘ಹಳ್ಳಿಯ ಬಾಯಲ್ಲಿ ಹಾಡೇ ಮೇಕೆ (2)’, ಉತ್ತರ ಆಡು. ಶ್ಲೇಷೆಯ ಪರಂಪರೆ ಇರುವ ಭಾಷೆಯಲ್ಲಿ ಇಂಥವಕ್ಕೆ ಇನ್ನೂ ಬೇಕಾದಷ್ಟು ಜಾಗವಿದೆ.

ಇಂಗ್ಲಿಷ್ ಸುಳಿವಿಗೆ ಹೋದಾಗ ಆವರಣದ ಸಂಖ್ಯೆ ರೋಮನ್ ಅಕ್ಷರಗಳದ್ದು ಎಂಬುದು ನೆನಪಿರಲಿ. ‘ಫೇವರಿಟ್ ಫಾಲೋಯಿಂಗ್ ವೆಹಿಕಲ್ ಟು ಗೆಟ್ ರಗ್ (6)’ ತೆಗೆದುಕೊಳ್ಳಿ. ಫೇವರಿಟ್ ಅಂದರೆ ಪೆಟ್, ವೆಹಿಕಲ್ ಅಂದರೆ ಕಾರ್. ಬಂದ ಕ್ರಮದಲ್ಲೇ ಜೋಡಿಸಿದರೆ ‘ಪೆಟ್‌ಕಾರ್’ ಆಗಿ ಕೆಡುತ್ತದೆ. ‘ಫಾಲೋಯಿಂಗ್’ ಹೇಳುವುದೇ ಪೆಟ್ ಹಿಂದೆ ಬರಲಿ ಎಂದು. ಕಾರ್ಪೆಟ್. ಜೊತೆಗೆ ಪದೇಪದೇ ಬರುವ ಚಿಲ್ಲರೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತ ಹೋಗಿ: ಲವ್ ಅಂದರೆ ಟೆನಿಸ್‌ನ ಸೊನ್ನೆ, ಅದರಿಂದ ‘ಒ’ ಅಕ್ಷರ, ಡಾಕ್ಟರ್ ಅಂದರೆ ‘ಡಿಆರ್’ ಅಥವಾ ‘ಎಂಒ’ (ಮೆಡಿಕಲ್ ಆಫೀಸರ್), ಸೇಲರ್ ಅಂದರೆ ‘ಎಬಿ’ (ಏಬಲ್ ಸೀಮನ್) ಅಥವಾ ನಾವಿಕನ ಅಡ್ಡಹೆಸರಾದ ‘ಟಾರ್’, ವರ್ಕರ್ ಅಂದರೆ ಇರುವೆ ಅಥವಾ ಜೇನುನೊಣ, ಫ್ಲವರ್ ಅಂದರೆ ಹೂವಲ್ಲ, ‘ಫ್ಲೋ’ ಆಗುವ ನದಿ.

ಇನ್ನು ವಿವರಣೆ ಬರೆಯುವುದು. ಸಾಲು ಚಿಕ್ಕದಿರಲಿ, ಕ್ರಮ ಒಂದೇ ಇರಲಿ: ಉತ್ತರ, ಅರ್ಥ, ಆಟ, ಸೂಚಕ. ಒಳಗೆ ಸೇರಿದ್ದಕ್ಕೆ ಆವರಣ, ಜೋಡಣೆಗೆ ಕೂಡು ಗುರುತು, ಅದಲುಬದಲಿಗೆ ನಕ್ಷತ್ರ, ತಿರುವಿದ್ದಕ್ಕೆ ಎಡಬಾಣ.

ನಗರ. ಅರ್ಥ: ಪಟ್ಟಣ. ಆಟ: ನ(ಗ)ರ; ನರ = ಮನುಷ್ಯ, ಗ = ಗಾಂಧಾರ. ಸೂಚಕ: ಒಳಗೆ ಹೊಕ್ಕರೆ.

ರಮಣ. ಅರ್ಥ: ಗಂಡ. ಆಟ: ಮರಣ*. ಸೂಚಕ: ಕದಡಿದರೆ.

ಈ ಶಿಸ್ತು ಎಲ್ಲಿ ಕೈ ಹಿಡಿಯುತ್ತದೆ ನೋಡಿ. ‘ಕೊರಳ ಒಡವೆಗೆ ನೂಲು ಸೇರಿಸಿದ ನಾಯಕ (4)’. ಅವಸರಕ್ಕೆ ‘ದಳಪತಿ’ ಹೊಳೆಯುತ್ತದೆ, ಅರ್ಥ ಹೊಂದುತ್ತದೆ, ನಾಲ್ಕು ಚೌಕವೂ ತುಂಬುತ್ತದೆ. ವಿವರಣೆ ಬರೆಯಲು ಕೂತರೆ ದಳ ಒಡವೆಯಲ್ಲ, ಪತಿ ನೂಲಲ್ಲ. ‘ಯಜಮಾನ’ನ ಗತಿಯೂ ಅಷ್ಟೇ. ಒಡವೆಗೆ ಹಾರ ಎಂದು ಹೊರಟರೆ ಹಾರದಿಂದ ಶುರುವಾಗುವ ನಾಯಕನಿಲ್ಲ. ಸರ ಎಂದುಕೊಳ್ಳಿ, ನೂಲಿಗೆ ದಾರ: ಸರ + ದಾರ. ತಪ್ಪು ಉತ್ತರವನ್ನು ಪೆನ್ನಿನಲ್ಲಿ ತುಂಬಿದ್ದರೆ ಅದನ್ನು ಹಾಯುವ ಪದಗಳೂ ಕೆಡುತ್ತಿದ್ದವು.

ಆಟ ಹೊಂದದೆ ಬರೀ ಅರ್ಥದಿಂದ ತುಂಬಿದ ಚೌಕಗಳನ್ನು ಪೆನ್ಸಿಲ್‌ನಲ್ಲೇ ಬಿಟ್ಟು ಸುಳಿವಿನ ಪಕ್ಕ ಪ್ರಶ್ನಾರ್ಥಕ ಹಾಕಿ. ಪತ್ರಿಕೆ ಕೊಡುವುದು ಸಾಮಾನ್ಯವಾಗಿ ಉತ್ತರ ಮಾತ್ರ, ವಿವರಣೆಯನ್ನಲ್ಲ. ಉತ್ತರ ಬಂದ ಮೇಲೆ ಪ್ರಶ್ನಾರ್ಥಕ ಇರುವ ಸುಳಿವುಗಳಿಗೆ ಮರಳಿ, ಉತ್ತರದಿಂದ ಹಿಂದಕ್ಕೆ ನಡೆದು ಆ ಸಾಲನ್ನು ಬರೆಯಿರಿ. ಆಗ ಸಿಕ್ಕ ಹೊಸ ಸೂಚಕ ನಿಮ್ಮ ಚಿಲ್ಲರೆ ಪುಸ್ತಕಕ್ಕೆ ಸೇರಲಿ.