ಮುಂಗಡ ಕೊಟ್ಟ ಮೇಲೆ ವಕೀಲರ ಹತ್ತಿರ ಹೋದೆ

2021ರ ಡಿಸೆಂಬರಿನಲ್ಲಿ ತಿಪಟೂರು ತಾಲ್ಲೂಕಿನಲ್ಲಿ ಒಂದು ತೆಂಗಿನ ತೋಟ ನೋಡಿದೆ. 2 ಎಕರೆ 4 ಗುಂಟೆ. ಫಸಲಿಗೆ ಬಂದ ಮರಗಳು, ಕೊಳವೆಬಾವಿಯಲ್ಲಿ ನೀರು, ರಸ್ತೆಗೆ ನೂರು ಹೆಜ್ಜೆ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ನನ್ನಂಥ ಸಂಬಳದವರಿಗೂ ಕೃಷಿ ಜಮೀನು ಕೊಳ್ಳಲು ದಾರಿ ಸಿಕ್ಕಿತ್ತು. ವರ್ಷಗಳಿಂದ ಕಟ್ಟಿಕೊಂಡಿದ್ದ ಆಸೆ ಅದು. ಮನಸ್ಸು ತಡೆಯಲಿಲ್ಲ.

ದಲ್ಲಾಳಿ ಮೊಬೈಲಿನಲ್ಲೇ ಪಹಣಿ ತೋರಿಸಿದರು. ಒಬ್ಬರದೇ ಹೆಸರು, 11ನೇ ಕಲಂ ಖಾಲಿ, ಅಂದರೆ ಸಾಲವಿಲ್ಲ. ಇ.ಸಿ., ಅಂದರೆ ಜಮೀನಿನ ಮೇಲೆ ನೋಂದಣಿಯಾದ ಕ್ರಯ, ಸಾಲಗಳನ್ನು ತೋರಿಸುವ ಋಣಭಾರ ಪತ್ರ, ಅದೂ ನಿಲ್ ಬಂದಿತ್ತು. "ಎಲ್ಲ ಕ್ಲೀನಾಗಿದೆ ಸಾರ್. ಲಾಯರ್ ಹತ್ರ ಹೋದ್ರೆ ಇಲ್ಲದ್ದೆಲ್ಲ ಹುಡುಕಿ ವ್ಯಾಪಾರ ಕೆಡಿಸ್ತಾರೆ. ಪತ್ರ ಬರೆಯೋರು ನಮ್ಮೋರೇ ಇದಾರೆ" ಅಂದರು. ಅವತ್ತೇ 50,000 ರೂಪಾಯಿ ಮುಂಗಡ ಕೊಟ್ಟು, ಬಿಳಿ ಹಾಳೆಯ ಮೇಲೆ ರಸೀದಿ ಬರೆಸಿಕೊಂಡು ಬಂದೆ.

ಮನೆಗೆ ಬಂದು ಹೇಳಿದಾಗ ನಮ್ಮ ಭಾವ, ಅಕ್ಕನ ಗಂಡ, ಬೈದರು. "ದುಡ್ಡು ಕೊಟ್ಟಾದ ಮೇಲೆ ಕಾಗದ ನೋಡ್ತೀಯೇನಪ್ಪ?" ಮಾರನೇ ವಾರವೇ ತಮಗೆ ಪರಿಚಯವಿದ್ದ ಸಿವಿಲ್ ವಕೀಲರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಆ ಮೇಡಂ ಪಹಣಿಯನ್ನು ಒಂದು ನಿಮಿಷವೂ ನೋಡಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. ಈ ಜಮೀನು ಮಾರುವವರ ಅಪ್ಪನಿಗೆ ಯಾರಿಂದ ಬಂತು? ಆ ಯಾರೋ ಒಬ್ಬರಿಗೆ ಹೇಗೆ ಬಂತು? ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಅವರು ವಿವರಿಸಿದ್ದು ಇಷ್ಟು. ಪಹಣಿ ಕಂದಾಯದ ದಾಖಲೆ, ಹಕ್ಕುಪತ್ರವಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರವನ್ನು ನೋಂದಾಯಿಸುತ್ತಾರೆ, ಮಾರುವವನಿಗೆ ನಿಜವಾದ ಹಕ್ಕು ಇದೆಯೇ ಎಂದು ಅಲ್ಲಿ ಯಾರೂ ತೀರ್ಮಾನ ಮಾಡುವುದಿಲ್ಲ. ಆನ್‌ಲೈನ್ ಇ.ಸಿ. ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದನ್ನು ಹಳೆಯ ಪುಸ್ತಕಗಳಲ್ಲಿ ಹುಡುಕಿಸಬೇಕು. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ, ಇವು ಇ.ಸಿ.ಯಲ್ಲಿ ಕಾಣುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡರೆ ಅದರ ತೀರ್ಪು ಕೊಂಡವನಿಗೂ ಅಂಟುತ್ತದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಕೈಬರಹದ ಪಹಣಿ ತರಿಸಲು ಹೇಳಿದರು. ಸಿಗಲು ಹನ್ನೊಂದು ದಿನ ಹಿಡಿಯಿತು. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ತಂತ್ರಾಂಶ ಬರುವ ಮುಂಚೆ ಗ್ರಾಮ ಲೆಕ್ಕಿಗರು ಬರೆದಿಟ್ಟದ್ದರ ನಕಲು ಅವು. ಶಾಯಿ ಹರಡಿ ಅರ್ಧ ಅಕ್ಷರ ಮಸುಕಾಗಿತ್ತು. ಮೇಡಂ ಒಂದೊಂದೇ ಹಾಳೆ ಹಿಂದಕ್ಕೆ ತಿರುವುತ್ತಾ ಎಪ್ಪತ್ತರ ದಶಕದ ಒಂದು ಸಾಲಿನ ಕೆಳಗೆ ಪೆನ್ಸಿಲ್ ಇಟ್ಟರು. "ದರಖಾಸ್ತು" ಎಂದಿತ್ತು. ಒಂದೇ ಪದ. ಸರ್ಕಾರ ಮಂಜೂರು ಮಾಡಿದ ಜಮೀನು ಅದು. ಮಂಜೂರಾತಿ ಕಡತ ತೆಗೆಸಿದಾಗ, ಪಡೆದವರು ಪರಿಶಿಷ್ಟ ಜಾತಿಯ ಕುಟುಂಬದವರು ಎಂದು ಗೊತ್ತಾಯಿತು. 1986ರಲ್ಲಿ ಅವರಿಂದ ಈಗಿನ ಮಾಲೀಕರ ತಂದೆ ಕ್ರಯಕ್ಕೆ ಪಡೆದಿದ್ದರು. ಸರ್ಕಾರದ ಅನುಮತಿ ಪಡೆದ ಕಾಗದ ಎಲ್ಲೂ ಇರಲಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈತಪ್ಪದಂತೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಇಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಕ್ರಯವೇ ಅಸಿಂಧು. ಮಂಜೂರಾತಿ ಪಡೆದವರೋ ಅವರ ವಾರಸುದಾರರೋ ಅರ್ಜಿ ಹಾಕಿದರೆ ಉಪವಿಭಾಗಾಧಿಕಾರಿ ಜಮೀನನ್ನು ಅವರಿಗೆ ವಾಪಸು ಕೊಡಿಸಬಹುದು. ಕೊಂಡವನು ಎಷ್ಟನೆಯವನು ಎಂಬುದು ಲೆಕ್ಕಕ್ಕಿಲ್ಲ. ದಲ್ಲಾಳಿ ವಾದ ಮಾಡಿದರು: ತಡವಾಗಿ ಹಾಕಿದ ಅರ್ಜಿ ನಿಲ್ಲುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಮೇಡಂ ಅದನ್ನು ಒಪ್ಪಿಕೊಂಡೇ ನನ್ನ ಕಡೆ ತಿರುಗಿ, "ನೀವು ತೋಟ ಕೊಳ್ಳೋಕೆ ಬಂದಿದೀರೋ, ಕೇಸು ಕೊಳ್ಳೋಕೆ ಬಂದಿದೀರೋ?" ಅಂದರು. ಕೈ ಬಿಟ್ಟೆ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಅಂಥ ಅರ್ಜಿಗೆ ಕಾಲಮಿತಿಯೇ ಇಲ್ಲ ಎಂದಾಯಿತು. ಭೂಮಿ ಇಲ್ಲದವರಿಗೆ ಕೊಟ್ಟ ಭೂಮಿ ಅವರ ಕೈಯಲ್ಲೇ ಉಳಿಯಲಿ ಎಂದು ಮಾಡಿದ ಕಾನೂನು ಅದು. ಅದು ಇರಬೇಕಾದದ್ದೇ ಎಂದು ನನಗೆ ಅನ್ನಿಸುತ್ತದೆ. ಗೊತ್ತಿಲ್ಲದೆ ಕೊಂಡು ಆ ಕುಟುಂಬದ ಎದುರು ನಾನು ಕೋರ್ಟಿನಲ್ಲಿ ನಿಲ್ಲುವಂತಾಗಿದ್ದರೆ, ದುಡ್ಡು ಹೋಗುವುದಕ್ಕಿಂತ ಅದೇ ಹೆಚ್ಚು ನೋಯಿಸುತ್ತಿತ್ತು.

ಮುಂಗಡ ವಾಪಸು ಬರಲು ಐದು ತಿಂಗಳು ಬೇಕಾಯಿತು. ಐದು ಸಾವಿರ, ಹತ್ತು ಸಾವಿರ ಹೀಗೆ ಕೊಟ್ಟರು. ಪ್ರತಿ ಸಲವೂ ನಾನೇ ಹೋಗಿ ಕೇಳಬೇಕಿತ್ತು.

ಮುಂದಿನ ವರ್ಷ ಅದೇ ಕಡೆ ಇನ್ನೊಂದು ಜಮೀನು ಸಿಕ್ಕಿತು. 1 ಎಕರೆ 24 ಗುಂಟೆ, 28 ಲಕ್ಷಕ್ಕೆ ಮಾತು. ಈ ಸಲ ಒಂದು ರೂಪಾಯಿಯನ್ನೂ ಕೊಡುವ ಮುಂಚೆ ಕಾಗದವೆಲ್ಲ ಮೇಡಂ ಮೇಜಿನ ಮೇಲಿತ್ತು. ದಲ್ಲಾಳಿ ಕಡೆಯ ವಕೀಲರು 3,000ಕ್ಕೇ ನೋಡಿಕೊಡುತ್ತಾರೆ ಎಂದರು, ಬೇಡವೆಂದೆ. ವ್ಯಾಪಾರ ಆದರೆ ಮಾತ್ರ ಲಾಭವಿರುವವರ ಕೈಯಲ್ಲಿ ಕಾಗದ ಓದಿಸುವುದು ನನಗೆ ಸರಿ ಕಾಣಲಿಲ್ಲ. ಮೇಡಂ ಫೀಸು 12,000, ವ್ಯಾಪಾರ ಆದರೂ ಅಷ್ಟೇ, ಮುರಿದುಬಿದ್ದರೂ ಅಷ್ಟೇ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್, ನೋಂದಣಿ ಶುಲ್ಕ ಎಲ್ಲ ಸೇರಿ ಆಗ ನೂರಕ್ಕೆ ಆರೂವರೆ ರೂಪಾಯಿಗೂ ಮೇಲೆ ಸರ್ಕಾರಕ್ಕೆ ಕಟ್ಟಬೇಕಿತ್ತು. ಅದನ್ನು ಮರುಮಾತಿಲ್ಲದೆ ಕಟ್ಟುವ ನಾವು ಅರ್ಧ ಪರ್ಸೆಂಟೂ ಆಗದ ಈ ಫೀಸಿಗೆ ಯಾಕೆ ಚೌಕಾಸಿ ಮಾಡಬೇಕು?

ಈ ಜಮೀನು ಪಿತ್ರಾರ್ಜಿತ. ತಂದೆ ತೀರಿಕೊಂಡ ಮೇಲೆ ಮಗನ ಹೆಸರಿಗೆ ಪೌತಿ ಖಾತೆ ಆಗಿತ್ತು. ವಂಶವೃಕ್ಷ ತರಿಸಿದಾಗ ಇಬ್ಬರು ಅಕ್ಕಂದಿರ ಹೆಸರು ಬಂತು. "ಅವ್ರಿಗೆ ಮದುವೇಲೇ ಎಲ್ಲ ಕೊಟ್ಟಾಗಿದೆ ಮೇಡಂ, ಅವರೇನೂ ಕೇಳಲ್ಲ" ಅಂದರು ಮಾಲೀಕರು. "ಕೇಳಲ್ಲ ಅಂದ್ಮೇಲೆ ಬಂದು ಸಹಿ ಹಾಕೋಕೆ ಏನು ತೊಂದರೆ?" ಎಂದು ಮೇಡಂ ಕೇಳಿದರು. ಮಾಲೀಕರು ಸುಮ್ಮನಾದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಅಕ್ಕಂದಿರನ್ನೂ ಮಾರಾಟಗಾರರಾಗಿ ಸೇರಿಸದಿದ್ದರೆ ಹಕ್ಕು ಸರಿಯಿದೆ ಎಂಬ ಒಪೀನಿಯನ್ ಕೊಡುವುದಿಲ್ಲ ಎಂದು ಮೇಡಂ ಖಡಾಖಂಡಿತವಾಗಿ ಹೇಳಿದರು.

ಎರಡು ತಿಂಗಳು ತಡವಾಯಿತು. ಮನೆಯೊಳಗೆ ಅವರು ಏನು ಮಾತಾಡಿಕೊಂಡರೋ, ಕೊನೆಗೆ ಅಕ್ಕಂದಿರಿಗೂ ದುಡ್ಡಿನಲ್ಲಿ ಪಾಲು ಎಂದು ತೀರ್ಮಾನವಾಯಿತು. ಕರಾರಿನಲ್ಲೇ ಯಾರ ಖಾತೆಗೆ ಎಷ್ಟು ಎಂದು ಬರೆಸಿದೆವು. ಹಕ್ಕಿನಲ್ಲಿ ದೋಷ ಕಂಡರೆ ಮುಂಗಡವನ್ನು ಇಷ್ಟು ದಿನದೊಳಗೆ ಹಿಂದಿರುಗಿಸಬೇಕು ಎಂಬ ಷರತ್ತನ್ನೂ ಮೇಡಂ ಸೇರಿಸಿದರು. ತಕರಾರಿದ್ದವರು ತಿಳಿಸಲಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿದರು, ತಾಲ್ಲೂಕಿನ ಕೋರ್ಟುಗಳಲ್ಲಿ ಆ ಹೆಸರುಗಳ ಮೇಲೆ ದಾವೆ ಇದೆಯೇ ಎಂದೂ ನೋಡಿದರು. ಏನೂ ಬರಲಿಲ್ಲ.

ನೋಂದಣಿಯ ದಿನ ದೊಡ್ಡಕ್ಕ ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಬೆರಳಚ್ಚು ಯಂತ್ರ ಎರಡು ಸಲ ತೆಗೆದುಕೊಳ್ಳಲಿಲ್ಲ. ಸೆರಗಿನಲ್ಲಿ ಬೆರಳು ಒರೆಸಿ ಮೂರನೇ ಸಲ ಒತ್ತಿದರು. ಹೊರಗೆ ಬಂದ ಮೇಲೆ, "ಬದುವಿನ ಹಲಸಿನ ಮರ ಅಪ್ಪ ಹಾಕಿದ್ದು. ಆದಷ್ಟೂ ಕಡೀಬೇಡಪ್ಪ" ಅಂದರು. ಅವರನ್ನು ಕರೆಸದೆಯೇ ಪತ್ರ ಆಗಿಬಿಡುತ್ತಿತ್ತಲ್ಲ ಎಂದು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಕೀಲರು ಮಾಡಲಾಗದ ಕೆಲಸವೂ ಒಂದಿದೆ. ಅವರು ಓದುವುದು ಕಾಗದ, ನೆಲವನ್ನು ನಾವೇ ನೋಡಬೇಕು. ಕ್ರಯಕ್ಕೆ ಮುಂಚೆ ಮಾಲೀಕರಿಂದ ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸಲು, ಅರ್ಜಿ ಹಾಕಿಸಿದೆ. ಸರ್ವೆಯವರು ಬಂದು ಅಳೆದಾಗ ಪಕ್ಕದವರ ಬೇಲಿ 2 ಗುಂಟೆ ಒಳಗೆ ಬಂದಿತ್ತು. ಗಡಿಯ ಬಾಂದು ಕಲ್ಲು ಲಂಟಾನ ಪೊದೆಯೊಳಗೆ ಮುಚ್ಚಿಹೋಗಿತ್ತು. ಪಹಣಿಯ ವಿಸ್ತೀರ್ಣದಲ್ಲಿ 3 ಗುಂಟೆ ಬ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಹಳೆಯ ಗಾಡಿದಾರಿ, ಅದು ಮಾರುವವರದ್ದೇ ಅಲ್ಲ. ಎರಡನ್ನೂ ಮುಂದಿಟ್ಟು ಕೂತು ಮಾತಾಡಿದೆವು. ಪಕ್ಕದವರು ಒಳ್ಳೆಯ ಮನುಷ್ಯರು, ಕಲ್ಲು ನೋಡಿದ ಮೇಲೆ ತಾವೇ ಬೇಲಿ ಹಿಂದಕ್ಕೆ ಹಾಕಿಕೊಂಡರು. ಖರಾಬಿನ 3 ಗುಂಟೆಯ ಬೆಲೆಯನ್ನು ಮಾಲೀಕರು ಕ್ರಯದಲ್ಲಿ ಬಿಟ್ಟುಕೊಟ್ಟರು.

ಹೋದ ಜೂನಿನಲ್ಲಿ ದೊಡ್ಡಕ್ಕನಿಗೆ ಆ ಮರದ ಎರಡು ಹಲಸಿನ ಹಣ್ಣು ಶಿವಮೊಗ್ಗದ ಬಸ್ಸಿನಲ್ಲಿ ಕಳಿಸಿದೆ.