ಮೀಥೇನ್ 4% ಇದ್ದರೆ ಗಣಿ ಸೇಫಾ? ಲೆಕ್ಕ ಹಾಕುವುದು ಹೀಗೆ

ಗಾಳಿಯಲ್ಲಿ ಮೀಥೇನ್ 5ರಿಂದ 15%ರಷ್ಟಿದ್ದರೆ ಕಿಡಿ ತಗುಲಿದ ಕೂಡಲೇ ಸ್ಫೋಟ. ಹಾಗಾದರೆ 4% ಇದ್ದರೆ ಭಯವಿಲ್ಲ, ಅಲ್ವಾ? ಎಡವುವುದು ಇಲ್ಲೇ.

ಜಾರ್ಖಂಡಿನ ಝರಿಯಾದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನೆಲದಡಿ ಕಲ್ಲಿದ್ದಲು ಉರಿಯುತ್ತಿದೆ. ಗಣಿಯೊಳಗೆ ಬೆಂಕಿ ಬಿದ್ದ ಭಾಗಕ್ಕೆ ಗೋಡೆ ಕಟ್ಟಿ ಗಾಳಿ ಹೋಗದಂತೆ ಮುಚ್ಚುತ್ತಾರೆ. ಆ ಗೋಡೆಯ ಹಿಂದೆ ಮೀಥೇನ್ ಒಂದೇ ಇರುವುದಿಲ್ಲ. ಅರೆಬರೆ ಉರಿದ ಕಲ್ಲಿದ್ದಲು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಕೂಡ ಬಿಡುತ್ತದೆ. ಅವೂ ಹೊತ್ತಿಕೊಳ್ಳುವ ಅನಿಲಗಳೇ.

ಮೊದಲ ಕೆಲಸ, ಸ್ಯಾಂಪಲ್. ಗೋಡೆಯಲ್ಲಿ ಕೂರಿಸಿದ ಪೈಪಿನಿಂದ ಒಳಗಿನ ಗಾಳಿ ತೆಗೆಯಬೇಕು. ಹೊರಗಿನ ವಾಯುಭಾರ ಏರುತ್ತಿದ್ದರೆ ಗೋಡೆಯ ಸಂದಿಗಳಿಂದ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಆಗ ತೆಗೆದ ಸ್ಯಾಂಪಲ್ ಸುಳ್ಳು ಹೇಳುತ್ತದೆ. ವಾಯುಭಾರ ಇಳಿಯುತ್ತಾ, ಒಳಗಿನದು ಹೊರಕ್ಕೆ ಬರುವ ಹೊತ್ತು ನೋಡಿ ತೆಗೆಯಬೇಕು.

ಆಮೇಲೆ ಗಣಿತ. ಪಿಯುಸಿ ರಸಾಯನಶಾಸ್ತ್ರದಲ್ಲಿ ಬರುವ ಲೆ ಶಾಟೆಲಿಯೇ ಅವರದೇ ಸೂತ್ರ ಇದು. ಪ್ರತಿ ಅನಿಲ ಎಷ್ಟಿದೆಯೋ ಅದನ್ನು ಅದರ ಕೆಳಮಿತಿಯಿಂದ (ಅಂದರೆ ಸ್ಫೋಟಕ್ಕೆ ಬೇಕಾದ ಕನಿಷ್ಠ ಪ್ರಮಾಣದಿಂದ) ಭಾಗಿಸಿ, ಎಲ್ಲವನ್ನೂ ಕೂಡಿಸಿ. ಮೀಥೇನ್‌ನ ಕೆಳಮಿತಿ 5%, ಹೈಡ್ರೋಜನ್‌ನದು 4%, ಕಾರ್ಬನ್ ಮಾನಾಕ್ಸೈಡ್‌ನದು 12.5%. ಮೊತ್ತ 1 ಮುಟ್ಟಿತೋ, ಅಪಾಯದ ಗೆರೆ ಮುಟ್ಟಿದಂತೆ.

ಮೀಥೇನ್ 4%, ಉಳಿದೆರಡು ತಲಾ 1% ಇವೆ ಅಂದುಕೊಳ್ಳಿ. 4÷5 ಅಂದರೆ 0.8. 1÷4 ಅಂದರೆ 0.25. 1÷12.5 ಅಂದರೆ 0.08. ಒಟ್ಟು 1.13! ಮೀಥೇನ್ ಮಾತ್ರ ಅಳೆದವನು ಇದನ್ನು ಸೇಫ್ ಅಂದಿರುತ್ತಿದ್ದ.

ಮುಂದೆ ಆಮ್ಲಜನಕ ನೋಡಬೇಕು. ಅದು ಸುಮಾರು 12%ಕ್ಕಿಂತ ಕಡಿಮೆಯಾದರೆ ಬರೀ ಮೀಥೇನ್ ಸ್ಫೋಟಿಸುವುದಿಲ್ಲ. ಆದರೆ ಹೈಡ್ರೋಜನ್‌ಗೆ 5%ರಷ್ಟು ಆಮ್ಲಜನಕವೇ ಸಾಕು. ಹಾಗಾಗಿ ಬೆಂಕಿ ಬಿದ್ದ ಜಾಗದಲ್ಲಿ 12ನ್ನು ನಂಬಿ ಕೂರುವಂತಿಲ್ಲ.

ಇನ್ನೊಂದು ಮೋಸ ಇದೆ. ಮೀಥೇನ್ 25% ದಾಟಿದರೆ ಅದು ಮೇಲ್ಮಿತಿಗಿಂತ ಜಾಸ್ತಿ, ಆ ಕ್ಷಣಕ್ಕೆ ಸ್ಫೋಟ ಆಗದು. ಆದರೆ ಗೋಡೆ ಬಿರುಕು ಬಿಟ್ಟು ಗಾಳಿ ಸೇರುತ್ತಾ ಹೋದರೆ, 25ರಿಂದ ಕೆಳಗಿಳಿಯುವಾಗ ಅದು 15ರಿಂದ 5ರ ನಡುವಿನ ದಾರಿಯಲ್ಲೇ ಬರಬೇಕು. ನನ್ನ ಕೇಳಿದರೆ 4%ಗಿಂತ ಈ 25%ಕ್ಕೇ ಜಾಸ್ತಿ ಹೆದರಬೇಕು. ಒಂದು ಸ್ಯಾಂಪಲ್ ನೋಡಿ ತೀರ್ಮಾನ ಮಾಡದೆ, ಮತ್ತೆ ಮತ್ತೆ ಅಳೆದು ಅಂಕಿಗಳು ಯಾವ ಕಡೆ ಸಾಗುತ್ತಿವೆ ಅಂತ ಗ್ರಾಫ್ ಹಾಕುವುದು ಇದಕ್ಕೇ.

ಜನ ಕೆಲಸ ಮಾಡುವ ಜಾಗದ ಮಾತೇ ಬೇರೆ. ಅಲ್ಲಿ ಇಷ್ಟೆಲ್ಲ ಲೆಕ್ಕಕ್ಕೆ ಕಾಯುವುದಿಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಮೀಥೇನ್ 1.25% ದಾಟಿದರೆ ಕರೆಂಟ್ ತೆಗೆಯಬೇಕು.

ಈ ಸೂತ್ರಕ್ಕೆ ಸಿಗದ ಶತ್ರು ಒಂದಿದೆ, ಕಲ್ಲಿದ್ದಲ ಪುಡಿ. 1965ರಲ್ಲಿ ಈಗಿನ ಜಾರ್ಖಂಡಿನ ಧೋರಿ ಗಣಿಯಲ್ಲಿ 268 ಜನ ಸತ್ತದ್ದು ಪುಡಿಯ ಸ್ಫೋಟದಲ್ಲಿ. ಅದಕ್ಕೆ ಸುಣ್ಣಕಲ್ಲಿನ ಪುಡಿ ಎರಚುತ್ತಾರೆ, ನೀರು ಚಿಮುಕಿಸುತ್ತಾರೆ. ಗ್ಯಾಸ್ ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಆ ಕೆಲಸ ನಿಲ್ಲಿಸುವಂತಿಲ್ಲ.